ಏಕ ಪಠ್ಯಕ್ರಮದ ವಾದ ಮತ್ತು ಗಡಿನಾಡಿನ ಕನ್ನಡ ಶಾಲೆಗಳು

ದೇಶದ ಎಲ್ಲ ಶಾಲೆಗಳಿಗೂ ಒಂದೇ ಪಠ್ಯಕ್ರಮವಿರಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ವಾದವು ಕೇಂದ್ರ ಮತ್ತು ರಾಜ್ಯಗಳ ನಡುವೆಯೇ ನಡೆಯುತ್ತದೆ. ರಾಜ್ಯದೊಳಗಿದ್ದೂ ರಾಜ್ಯಭಾಷೆಯವರಲ್ಲದ ನಮಗೆ ಈ ಎರಡು ಪಕ್ಷಗಳಲ್ಲಿ ಯಾವುದೂ ಪೂರ್ಣವಾಗಿ ನಮ್ಮದೆನಿಸದು.

ಶಿಕ್ಷಣವು ಮೂಲತಃ ರಾಜ್ಯಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಸ್ವಾತಂತ್ರ್ಯ ಹೋರಾಟದ ಇತಿಹಾಸ, ಸಾಂವಿಧಾನಿಕ ಹೊಣೆಗಳು ಮುಂತಾದ ಸಮಾನ ತಿರುಳು ಎಲ್ಲೆಡೆ ಇರಲಿ, ಉಳಿದುದನ್ನು ಆಯಾ ಪ್ರದೇಶಕ್ಕೆ ತಕ್ಕಂತೆ ರೂಪಿಸಿಕೊಳ್ಳಲಿ ಎಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಿಲುವು. ಎನ್‌ಸಿಇಆರ್‌ಟಿ ಹೊರತಂದ 2005ರ ಮತ್ತು 2023ರ ಪಠ್ಯಕ್ರಮ ಚೌಕಟ್ಟುಗಳು ರಾಜ್ಯಗಳಿಗೆ ಮಾರ್ಗದರ್ಶಿಗಳು ಮಾತ್ರ.

ಆದುದರಿಂದ ಕನ್ನಡ ಮಾಧ್ಯಮದಲ್ಲಿ ಓದುವ ಮಂಜೇಶ್ವರದ ಮಗುವಿಗೆ ಕೇರಳದ ಪಠ್ಯ, ತಾಳವಾಡಿಯ ಮಗುವಿಗೆ ತಮಿಳುನಾಡಿನದು, ಜತ್ತ ಮತ್ತು ಅಕ್ಕಲಕೋಟೆಯ ಮಗುವಿಗೆ ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿ ಪ್ರಕಟಿಸುವ ಪುಸ್ತಕ. ಹತ್ತನೆಯ ತರಗತಿಯ ಬಳಿಕ ಇವರಲ್ಲೊಬ್ಬರು ವಿಜಯಪುರಕ್ಕೋ ಮಂಗಳೂರಿಗೋ ಪಿಯುಸಿಗೆ ಹೋದರೆ ಬೇರೊಂದು ಪಠ್ಯಕ್ರಮದ ನಡುವೆ ಕಾಲಿಟ್ಟಂತೆ. ಗಣಿತ, ವಿಜ್ಞಾನಗಳ ಮಟ್ಟವಾದರೂ ದೇಶಾದ್ಯಂತ ಸಮನಾಗಿರಲಿ ಎಂಬ ಮಾತಿಗೆ ನಾವು ಕಿವಿಗೊಡುವುದು ಈ ಕಾರಣದಿಂದ.

ಆದರೆ ಏಕ ಪಠ್ಯಕ್ರಮವು ಏಕ ಪುಸ್ತಕವಾಗಿ ಬಂದರೆ ಅದು ಯಾವ ಭಾಷೆಯಲ್ಲಿ ಬರುತ್ತದೆ? ಎನ್‌ಸಿಇಆರ್‌ಟಿ ಪುಸ್ತಕಗಳು ಬಹುಕಾಲದಿಂದ ಮುಖ್ಯವಾಗಿ ಹಿಂದಿ, ಇಂಗ್ಲಿಷ್ ಮತ್ತು ಉರ್ದುವಿನಲ್ಲಿ ಪ್ರಕಟವಾಗುತ್ತಿವೆ. ಕರ್ನಾಟಕವು ಅವುಗಳಲ್ಲಿ ಗಣಿತ, ವಿಜ್ಞಾನದ ಪುಸ್ತಕಗಳನ್ನು ತನ್ನ ಪ್ರೌಢಶಾಲೆಗಳಿಗಾಗಿ ಕನ್ನಡಕ್ಕೆ ತಂದಿದೆ. ಸಮಾನ ತಿರುಳು ನಿಶ್ಚಿತವಾದರೆ ಅಂಥ ಒಂದು ಅನುವಾದ ಗಡಿಯಾಚೆಯ ಕನ್ನಡ ಶಾಲೆಗಳಿಗೂ ಒದಗಬಹುದು. ಏಕರೂಪತೆಯಿಂದ ನಮಗೆ ದೊರೆಯಬಹುದಾದ ನಿಜವಾದ ಲಾಭ ಇದೊಂದೇ ಎಂದು ನಮಗೆ ತೋರುತ್ತದೆ.

ಏಕರೂಪತೆಯ ಬಿಸಿ ನಮಗೆ ಈವರೆಗೆ ಹೆಚ್ಚಾಗಿ ತಟ್ಟಿದ್ದು ದೆಹಲಿಯಿಂದಲ್ಲ ಎಂಬುದನ್ನೂ ಹೇಳಬೇಕು. ತಮಿಳುನಾಡು 2006ರ ಕಾಯಿದೆಯಿಂದ ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು. ಕೇರಳದ 2017ರ ಮಲಯಾಳ ಕಡ್ಡಾಯ ಕಾಯಿದೆ ಕಾಸರಗೋಡಿನಲ್ಲಿ ಪ್ರತಿಭಟನೆಗೆ ಎಡೆಮಾಡಿತು. ಮಹಾರಾಷ್ಟ್ರದ ಭಾಷಾ ಅಲ್ಪಸಂಖ್ಯಾತ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿರಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿ ಉಷಾ ಮೆಹ್ತಾ ಪ್ರಕರಣದಲ್ಲಿ ತೀರ್ಪಿತ್ತಿತು. ರಾಜ್ಯದ ಭಾಷೆಯನ್ನು ಕಲಿಯಲು ನಮ್ಮ ಆಕ್ಷೇಪವಿಲ್ಲ. ಕನ್ನಡದ ಸ್ಥಾನವನ್ನು ಕುಗ್ಗಿಸಿ ಅದನ್ನು ಕಲಿಸುವುದಕ್ಕೆ ಇದೆ.

1956ರಲ್ಲಿ ಸೇರಿಸಲಾದ ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ‘ಪ್ರಯತ್ನ’ ಎಂಬ ಪದವೇ ಅದರ ದೌರ್ಬಲ್ಯ. 2020ರ ನೀತಿಯು ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಭಾಷೆ, ಮಾತೃಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ ಬೋಧನೆ ಎನ್ನುತ್ತದೆ. ಒಳನಾಡಿನಲ್ಲಿ ಇವೆಲ್ಲ ಬಹುಮಟ್ಟಿಗೆ ಒಂದೇ ಇರಬಹುದು. ಕಾಸರಗೋಡಿನಲ್ಲಿ ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದು, ಶಾಲೆಯ ಭಾಷೆ ಕನ್ನಡ, ಆಡಳಿತದ ಭಾಷೆ ಮಲಯಾಳ. ಇವುಗಳಲ್ಲಿ ‘ಸ್ಥಳೀಯ’ ಯಾವುದೆಂದು ನಿರ್ಧರಿಸುವವರು ಯಾರು?

ಪುಸ್ತಕ ಯಾವುದೇ ಇರಲಿ, ಅದನ್ನು ಬೋಧಿಸುವವರು ಬೇಕು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದು ಕಾಸರಗೋಡಿನಲ್ಲಿ ಮತ್ತೆ ಮತ್ತೆ ವಿವಾದಕ್ಕೆ ಕಾರಣವಾಗಿದೆ. ರಾಷ್ಟ್ರೀಯ ಚೌಕಟ್ಟೊಂದು ಕಡ್ಡಾಯವಾಗುವುದೇ ಆದರೆ, ಬೋಧನಾ ಮಾಧ್ಯಮದ ಭಾಷೆ ಬಲ್ಲವರನ್ನೇ ನೇಮಿಸಬೇಕೆಂಬ ನಿಯಮ ಅದರ ಮೊದಲ ಪುಟಗಳಲ್ಲೇ ಇರಬೇಕೆಂಬುದು ನಮ್ಮ ಅಪೇಕ್ಷೆ.