ಗಾಲ್ವೆಸ್ಟನ್ ನಗರದ ಕಡಲ ತಡೆಗೋಡೆ

ಸೆಪ್ಟೆಂಬರ್ 8ನೆಯ ತಾರೀಖು ನಮಗೆ ಕನ್ಯಾಮರಿಯಮ್ಮನವರ ಜನನೋತ್ಸವದ ದಿನ. ಒಂಬತ್ತು ದಿನಗಳ ನೊವೆನಾ ಮುಗಿಸಿ, ಮಕ್ಕಳು ತಂದ ಹೂಗಳನ್ನು ಮಾತೆಯ ಪಾದದಲ್ಲಿಟ್ಟು, ಆಶೀರ್ವದಿಸಲ್ಪಟ್ಟ ಹೊಸ ತೆನೆಯನ್ನು ಮನೆಗೊಯ್ದು, ಕುಟುಂಬದವರೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುವ ದಿನ. 1900ನೆಯ ಇಸವಿಯಲ್ಲಿ ಈ ಹಬ್ಬ ಶನಿವಾರ ಬಂದಿತ್ತು. ಅಂದು ಸಂಜೆ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಗಾಲ್ವೆಸ್ಟನ್ ಎಂಬ ದ್ವೀಪನಗರದಲ್ಲಿ, ಮಾತೆಯ ಹೆಸರನ್ನೇ ಹೊತ್ತಿದ್ದ ಅನಾಥಾಲಯವೊಂದರ ತೊಂಬತ್ತು ಮಕ್ಕಳೂ ಹತ್ತು ಮಂದಿ ಧರ್ಮಭಗಿನಿಯರೂ ಸಮುದ್ರದ ಪಾಲಾದರು. ಆ ದುರಂತವನ್ನೂ, ತರುವಾಯ ಊರಿನವರು ಗುತ್ತಿಗೆದಾರರನ್ನು ಗೊತ್ತುಮಾಡಿ ಕಡಲಿಗೆ ಗೋಡೆ ಕಟ್ಟಿಸಿದ ಬಗೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಕಾಸಿಗೆ ಕಾಸು ಕೂಡಿಸಿ ದೇವಾಲಯ ಕಟ್ಟಿಸುವುದೆಂದರೇನೆಂದು ಬಲ್ಲ ಧರ್ಮಕೇಂದ್ರದ ಜನರಿಗೆ ಇದು ಕೇವಲ ದೂರದೇಶದ ಸುದ್ದಿಯಾಗಿ ಕಾಣಲಾರದೆಂದು ನಾವು ನಂಬಿದ್ದೇವೆ.

ಗಾಲ್ವೆಸ್ಟನ್ ಮೆಕ್ಸಿಕೊ ಕೊಲ್ಲಿಯ ಅಂಚಿನಲ್ಲಿ ಉದ್ದಕ್ಕೆ ಚಾಚಿಕೊಂಡ ಮರಳಿನ ದ್ವೀಪ. ಒಂದು ಮಗ್ಗುಲಿಗೆ ತೆರೆದ ಕಡಲು, ಇನ್ನೊಂದು ಮಗ್ಗುಲಿಗೆ ಶಾಂತವಾದ ಹಿನ್ನೀರು. ನಮ್ಮ ಕರಾವಳಿಯ ಬೆಂಗರೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತಿಯ ರಫ್ತಿನಿಂದ ಸಿರಿವಂತವಾಗಿದ್ದ ಆ ಬಂದರಿನಲ್ಲಿ 1900ರಲ್ಲಿ ಸುಮಾರು 38,000 ಜನರಿದ್ದರು. ಊರಿನ ಅತ್ಯಂತ ಎತ್ತರದ ಸ್ಥಳವೂ ಸಮುದ್ರಮಟ್ಟದಿಂದ ಒಂಬತ್ತು ಅಡಿಗೆ ಮೇಲಿರಲಿಲ್ಲ.

ಅಪಾಯ ಅವರಿಗೆ ತಿಳಿಯದಿರಲಿಲ್ಲ. ಅದೇ ಕರಾವಳಿಯ ಇಂಡಿಯಾನೋಲ ಎಂಬ ಬಂದರು 1875ರಲ್ಲಿ ಒಮ್ಮೆ, 1886ರಲ್ಲಿ ಇನ್ನೊಮ್ಮೆ ಚಂಡಮಾರುತಕ್ಕೆ ಸಿಕ್ಕಿ ನಾಮಾವಶೇಷವಾಯಿತು. ಆಗ ಗಾಲ್ವೆಸ್ಟನ್ನಿನ ಪ್ರಮುಖರು ತಮ್ಮೂರಿಗೊಂದು ಗೋಡೆ ಬೇಕೆಂದು ಮಾತಾಡಿಕೊಂಡರು. ದಿನಗಳು ಕಳೆದಂತೆ ಭಯ ಇಳಿಯಿತು, ಖರ್ಚಿನ ಲೆಕ್ಕ ಮಾತ್ರ ಉಳಿಯಿತು, ಗೋಡೆ ಏಳಲಿಲ್ಲ. 1891ರಲ್ಲಿ ಅಲ್ಲಿನ ಹವಾಮಾನಾಧಿಕಾರಿ ಐಸಾಕ್ ಕ್ಲೈನ್ ಎಂಬವರು, ಬಿರುಗಾಳಿಯಿಂದ ಈ ಊರಿಗೆ ದೊಡ್ಡ ಹಾನಿಯಾದೀತೆಂಬುದು ಬರಿಯ ಭ್ರಮೆಯೆಂದು ಪತ್ರಿಕೆಯಲ್ಲಿ ಬರೆದರು. ಬಲ್ಲವರೇ ಹಾಗೆ ಹೇಳಿದ ಮೇಲೆ ಉಳಿದವರು ನಿಶ್ಚಿಂತರಾದುದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಸಾಲದೆಂಬಂತೆ, ತಗ್ಗಿನ ಜಾಗಗಳನ್ನು ತುಂಬಿಸಲು ದಡದ ಮರಳಿನ ದಿಬ್ಬಗಳನ್ನೇ ಅಗೆದು ಸಾಗಿಸಿದ್ದರು. ದೇವರು ಕೊಟ್ಟಿದ್ದ ಅಷ್ಟಿಷ್ಟು ತಡೆಯನ್ನೂ ಹೀಗೆ ಕೈಯಾರೆ ತೆಗೆದುಹಾಕಿದ್ದರು.

ಊರಿನಿಂದ ಪಡುವಣಕ್ಕೆ ಸುಮಾರು ಮೂರು ಮೈಲಿ ದೂರದಲ್ಲಿ, ಕಡಲದಡದಲ್ಲೇ ಸಂತ ಮೇರಿ ಅನಾಥಾಲಯವಿತ್ತು. ‘ಸಿಸ್ಟರ್ಸ್ ಆಫ್ ಚಾರಿಟಿ ಆಫ್ ದಿ ಇನ್‌ಕಾರ್ನೇಟ್ ವರ್ಡ್’ ಸಭೆಯ ಭಗಿನಿಯರು ಅದನ್ನು ನಡೆಸುತ್ತಿದ್ದರು. ಊರೊಳಗೆ ಪದೇ ಪದೇ ಹಬ್ಬುತ್ತಿದ್ದ ಹಳದಿಜ್ವರದಿಂದ ಮಕ್ಕಳು ದೂರವಿರಲೆಂದೇ ಅಷ್ಟು ದೂರದ ಸ್ಥಳವನ್ನು ಆರಿಸಿಕೊಂಡಿದ್ದರು. ಆ ಶನಿವಾರ ನೀರು ಏರತೊಡಗಿದಾಗ ಭಗಿನಿಯರು 93 ಮಕ್ಕಳನ್ನು ಹೆಚ್ಚು ಗಟ್ಟಿಯಾಗಿದ್ದ ಹೆಣ್ಣುಮಕ್ಕಳ ವಸತಿಗೃಹಕ್ಕೆ ಕರೆತಂದರು. ಅಂಜಿಕೆ ಮರೆಯಲೆಂದು ‘ಅಲೆಗಳ ರಾಣಿ’ ಎಂಬ ಹಳೆಯ ಫ್ರೆಂಚ್ ಮರಿಯಗೀತೆಯನ್ನು ಹಾಡಿಸಿದರು. ಬಟ್ಟೆ ಒಣಗಿಸುವ ಹಗ್ಗವನ್ನು ತುಂಡುಮಾಡಿ ಮಕ್ಕಳನ್ನು ಗುಂಪುಗುಂಪಾಗಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಕಟ್ಟಡ ಕುಸಿಯಿತು. ಮರವೊಂದನ್ನು ಹಿಡಿದು ತೇಲಿದ ಮೂವರು ಹುಡುಗರ ಹೊರತು ಯಾರೂ ಬದುಕಲಿಲ್ಲ. ತರುವಾಯ ದೊರೆತ ಭಗಿನಿಯರ ದೇಹಗಳೊಡನೆ ಆ ಹಗ್ಗವೂ, ಹಗ್ಗದ ತುದಿಗೆ ಮಕ್ಕಳೂ ಇದ್ದರು. ಒಬ್ಬ ಭಗಿನಿಯ ದೇಹ ಹಿನ್ನೀರನ್ನು ದಾಟಿ ಆಚೆ ದಡದಲ್ಲಿ ಸಿಕ್ಕಿತು. ಎರಡು ಚಿಕ್ಕ ಮಕ್ಕಳು ಅವರ ತೋಳಿನಲ್ಲೇ ಇದ್ದರು.

ಆ ರಾತ್ರಿ ಹದಿನೈದು ಅಡಿಗೂ ಮೇಲೆದ್ದ ನೀರು ದ್ವೀಪವನ್ನು ಈ ಕಡೆಯಿಂದ ಆ ಕಡೆಗೆ ಮುಚ್ಚಿತು. ಮಡಿದವರು ಆರು ಸಾವಿರಕ್ಕೆ ಕಡಿಮೆಯಿಲ್ಲವೆಂದೂ ಎಂಟು ಸಾವಿರದಷ್ಟಿದ್ದಾರೆಂದೂ ಎಣಿಸಲಾಗಿದೆ. 3,600ಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಗೋಡೆಯ ಅಗತ್ಯವನ್ನು ಅಲ್ಲಗಳೆದಿದ್ದ ಕ್ಲೈನರ ಪತ್ನಿಯೂ ಮಡಿದವರಲ್ಲಿ ಒಬ್ಬರು. ಯೇಸುವಿನ ಪವಿತ್ರ ಹೃದಯದ ದೇವಾಲಯ ಉರುಳಿತು. ಸಂತ ಮೇರಿ ಪ್ರಧಾನಾಲಯವೂ ಅದರ ಗೋಪುರದ ಮೇಲಿನ ಸಮುದ್ರತಾರೆ ಮಾತೆಯ ಪ್ರತಿಮೆಯೂ ನಿಂತವು. ಪ್ರಧಾನಾಲಯದ ಪೂಜ್ಯ ಜೇಮ್ಸ್ ಕಿರ್ವಿನ್ ಗುರುಗಳು ಪರಿಹಾರಸಮಿತಿಯಲ್ಲಿದ್ದು ದುಡಿದರು.

ಊರನ್ನು ಬಿಟ್ಟುಹೋಗಬೇಕೇ, ಉಳಿಯಬೇಕೇ? ಉಳಿಯುವುದೆಂದು ನಿರ್ಧಾರವಾಯಿತು. ಇಲ್ಲಿಂದ ಮುಂದೆ ಅವರು ಕೆಲಸ ನಡೆಸಿದ ಕ್ರಮವನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕೆಂದಿದ್ದೇವೆ. ನಮ್ಮಲ್ಲಿ ಮನೆಯಾಗಲಿ ಕಾಂಪೌಂಡಿನ ಗೋಡೆಯಾಗಲಿ ಕಟ್ಟಿಸಹೊರಟವರು ಮೊದಲು ಹುಡುಕುವುದು ಮೇಸ್ತ್ರಿಯನ್ನು. ಏನು ಕಟ್ಟಬೇಕು, ಎಷ್ಟು ಎತ್ತರ, ಎಷ್ಟು ಆಳ ಎಂಬುದೆಲ್ಲ ಆತನ ಬಾಯಿಂದಲೇ ಬರುತ್ತದೆ, ಬೆಲೆಯೂ ಆತನದೇ. ಗಾಲ್ವೆಸ್ಟನ್ನಿನವರು ಹಾಗೆ ಮಾಡಲಿಲ್ಲ. 1901ರ ಕೊನೆಗೆ ಅವರು ನೇಮಿಸಿದ್ದು ಗುತ್ತಿಗೆದಾರನನ್ನಲ್ಲ, ಮೂವರು ಎಂಜಿನಿಯರುಗಳನ್ನು. ಹೆನ್ರಿ ರಾಬರ್ಟ್, ಆಲ್ಫ್ರೆಡ್ ನೋಬಲ್, ಎಚ್. ಸಿ. ರಿಪ್ಲೆ ಎಂಬವರು ಆ ಮೂವರು. ಸೈನ್ಯದ ಎಂಜಿನಿಯರ್ ವಿಭಾಗದಿಂದ ನಿವೃತ್ತರಾಗಿದ್ದ ಈ ರಾಬರ್ಟರೇ 1876ರಲ್ಲಿ ಸಭಾನಿಯಮಗಳ ಸುಪ್ರಸಿದ್ಧ ಕೈಪಿಡಿಯನ್ನು ಪ್ರಕಟಿಸಿದವರು. ತಾವು ಚರ್ಚೊಂದರ ಸಭೆಗೆ ಅಧ್ಯಕ್ಷರಾಗಿ ಕೂತು, ಗದ್ದಲವನ್ನು ಹತೋಟಿಗೆ ತರಲಾರದೆ ಪಟ್ಟ ಪಾಡೇ ಆ ಪುಸ್ತಕಕ್ಕೆ ಕಾರಣವಾಯಿತಂತೆ. ನಮ್ಮ ಪಾಲನಾ ಪರಿಷತ್ತಿನ ಸಭೆಗಳಲ್ಲಿ ಕುಳಿತೆದ್ದವರಿಗೆ ಅವರ ಮೇಲೆ ಕನಿಕರ ಮೂಡದಿರದು.

1902ರ ಜನವರಿಯಲ್ಲಿ ಮೂವರೂ ವರದಿ ಒಪ್ಪಿಸಿದರು. ಅದರಲ್ಲಿ ಎರಡು ಕೆಲಸಗಳನ್ನು ಸೂಚಿಸಿದ್ದರು. ಕಡಲ ಮಗ್ಗುಲಿಗೆ ಗೋಡೆ ಕಟ್ಟುವುದು. ಗೋಡೆಯ ಹಿಂದಿನ ನಗರದ ನೆಲವನ್ನೇ ಮಣ್ಣು ತುಂಬಿ ಎತ್ತರಿಸುವುದು. ಎರಡಕ್ಕೂ ಕೂಡಿ ಸುಮಾರು 35 ಲಕ್ಷ ಡಾಲರುಗಳ ಅಂದಾಜು. ನಗರದ ಬೊಕ್ಕಸ ಬರಿದಾಗಿದ್ದುದರಿಂದ ಗೋಡೆಯ ಹೊಣೆಯನ್ನು ಜಿಲ್ಲೆ ಹೊತ್ತುಕೊಂಡಿತು. 15 ಲಕ್ಷ ಡಾಲರುಗಳ ಸಾಲಪತ್ರಗಳಿಗೆ ಮತದಾರರು ಒಪ್ಪಿಗೆಯಿತ್ತರು. ಮನೆ ಕಳೆದುಕೊಂಡು ಎರಡು ವರ್ಷವೂ ಆಗದಿದ್ದ ಊರಿನ ಜನರೇ ಆ ಪತ್ರಗಳನ್ನು ಕೊಂಡವರಲ್ಲಿ ಸೇರಿದ್ದರು.

ಗುತ್ತಿಗೆದಾರನು ರಂಗಕ್ಕೆ ಬಂದದ್ದು ಇಷ್ಟೆಲ್ಲ ಆದ ಬಳಿಕ. ಕೆಲಸ ದೊರೆತದ್ದು ಡೆನ್ವರ್ ನಗರದ ಜೆ. ಎಂ. ಓ’ರೂರ್ಕ್ ಕಂಪೆನಿಗೆ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿರುವ ಗುಡ್ಡನಾಡಿನ ಊರು. ಅಲೆಯ ಸದ್ದು ಕೇಳದ ನಾಡಿನವರು ಕಡಲಗೋಡೆ ಕಟ್ಟಲು ಬಂದರೆಂಬುದು ಮೇಲುನೋಟಕ್ಕೆ ವಿನೋದವೇ. ಆದರೆ ಏನು ಕಟ್ಟಬೇಕೆಂಬುದನ್ನು ಎಂಜಿನಿಯರುಗಳು ಅಡಿ ಅಡಿಯಾಗಿ ನಿಶ್ಚಯಿಸಿಟ್ಟಿದ್ದುದರಿಂದ, ಬಂದವರು ಅದನ್ನು ಕಟ್ಟಬಲ್ಲವರಾದರೆ ಸಾಕಿತ್ತು.

1902ರ ಅಕ್ಟೋಬರಿನಲ್ಲಿ ಮೊದಲ ಗೂಟ ನೆಲಕ್ಕಿಳಿಯಿತು. ಮರಳಿನ ಮೇಲೆ ನೇರವಾಗಿ ಗೋಡೆ ನಿಲ್ಲಿಸಿದರೆ ಅಲೆ ಬುಡವನ್ನು ಕೊರೆದು ಒಂದೇ ಮಳೆಗಾಲದಲ್ಲಿ ಕೆಡವುತ್ತದೆಂಬುದನ್ನು ನಮ್ಮ ಮೀನುಗಾರ ಬಂಧುಗಳು ಚೆನ್ನಾಗಿ ಬಲ್ಲರು. ಆದುದರಿಂದ ಮರಳಿನ ಕೆಳಗಿನ ಜೇಡಿಮಣ್ಣಿನವರೆಗೆ ನಲವತ್ತು ಅಡಿಗೂ ಉದ್ದದ ಮರದ ದಿಮ್ಮಿಗಳನ್ನು ಸಾಲುಸಾಲಾಗಿ ಬಡಿದು ಇಳಿಸಿದರು. ಬುಡದ ಮರಳು ಜಾರಿಹೋಗದಂತೆ ಕಡಲ ಕಡೆಗೆ ದಪ್ಪ ಹಲಗೆಗಳನ್ನು ಒತ್ತೊತ್ತಾಗಿ ಇಳಿಸಿದರು. ಅದರ ಮೇಲೆ ಎದ್ದಿತು ಕಾಂಕ್ರೀಟಿನ ಗೋಡೆ. ಬುಡದಲ್ಲಿ 16 ಅಡಿ ಅಗಲ, ತಲೆಯಲ್ಲಿ 5 ಅಡಿ, ಎತ್ತರ 17 ಅಡಿ. 1900ರ ನೀರು ಏರಿದ್ದ ಮಟ್ಟಕ್ಕಿಂತ ಒಂದು ಅಡಿಗೆ ಸ್ವಲ್ಪ ಹೆಚ್ಚು. ಕಡಲಿನತ್ತ ಮುಖ ಮಾಡಿದ ಮೈ ನೆಟ್ಟಗಿರದೆ ಒಳಕ್ಕೆ ಬಾಗಿದೆ. ಬಡಿದ ಅಲೆ ಆ ಬಾಗಿನಲ್ಲಿ ಮೇಲಕ್ಕೆ ಚಿಮ್ಮಿ ತನ್ನ ಬಲವನ್ನು ಕಳೆದುಕೊಳ್ಳಬೇಕೆಂಬುದು ಅದರ ತಂತ್ರ. ಗೋಡೆಯ ಮುಂದೆ 27 ಅಡಿ ಅಗಲಕ್ಕೆ, 3 ಅಡಿ ದಪ್ಪಕ್ಕೆ ಗ್ರಾನೈಟ್ ಬಂಡೆಗಳನ್ನು ಹಾಸಿದರು. ಗೋಡೆಯನ್ನು 60 ಅಡಿ ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದನ್ನು ಮೊದಲು ಎರೆದು, ಅವು ಗಟ್ಟಿಯಾದ ಮೇಲೆ ನಡುವಿನವುಗಳನ್ನು ತುಂಬಿದರು. ಒಂದರ ನಾಲಗೆ ಇನ್ನೊಂದರ ಗಾಡಿಯಲ್ಲಿ ಕೂರುವಂತೆ ಜೋಡಿಸಿದರು. ಜಲ್ಲಿ 5,200 ರೈಲುಡಬ್ಬಿ, ಮರಳು 1,800, ಸಿಮೆಂಟು 1,000 ರೈಲುಡಬ್ಬಿಗಳಷ್ಟು ಬೇಕಾಯಿತು. ಒಂದೊಂದು ಅಡಿ ಉದ್ದದ ಗೋಡೆಯ ತೂಕ 40,000 ಪೌಂಡು. 1904ರ ಜುಲೈ ಕೊನೆಗೆ 17,593 ಅಡಿ, ಎಂದರೆ ಮೂರೂಕಾಲು ಮೈಲಿಗೂ ಸ್ವಲ್ಪ ಹೆಚ್ಚಿನ ಗೋಡೆ ಮುಗಿದಿತ್ತು. ಅದೇ ಹೊತ್ತಿನಲ್ಲಿ ಪವಿತ್ರ ಹೃದಯದ ದೇವಾಲಯವೂ ಪುನಃ ಎದ್ದು ನಿಂತಿತು.

ಎರಡನೆಯ ಗುತ್ತಿಗೆ ನೆಲವನ್ನು ಎತ್ತರಿಸುವುದು. ನಮ್ಮ ಮಟ್ಟಿಗೆ ಹೇಳುವುದಾದರೆ ಗೋಡೆಗಿಂತಲೂ ಇದೇ ದೊಡ್ಡ ಸಾಹಸ. 1903ರ ಡಿಸೆಂಬರಿನಲ್ಲಿ ಗೋಡ್‌ಹಾರ್ಟ್ ಮತ್ತು ಬೇಟ್ಸ್ ಎಂಬ ಸಂಸ್ಥೆ, ತುಂಬಿದ ಮಣ್ಣಿನ ಪ್ರತಿ ಘನ ಗಜಕ್ಕೆ 18½ ಸೆಂಟ್ ಎಂಬ ದರದಲ್ಲಿ ಇದನ್ನು ಒಪ್ಪಿಕೊಂಡಿತು. ಹೂಳೆತ್ತುವ ಹಡಗುಗಳು ಊರೊಳಕ್ಕೆ ಬರಲೆಂದೇ ಕಾಲುವೆ ತೋಡಿದರು. ಹಡಗುಗಳು ಬಂದರಿನ ಬಾಯಿಂದ ಮರಳನ್ನು ಹೀರಿ ತಂದು, ನೀರಿನೊಂದಿಗೆ ಕೊಳವೆಗಳಲ್ಲಿ ಬೀದಿಗಳಿಗೆ ಸುರಿದವು. ಅದಕ್ಕೆ ಮೊದಲು ಆ ಭಾಗದ ಮನೆಗಳನ್ನೂ, ನೀರಿನ ಕೊಳವೆಗಳನ್ನೂ, ಟ್ರಾಮಿನ ಹಳಿಗಳನ್ನೂ ಮೇಲಕ್ಕೆತ್ತಬೇಕಾಗಿತ್ತು. ಮನೆ ಎತ್ತಿಸುವ ಖರ್ಚು ಮನೆಯವರದೇ. 2,000ಕ್ಕೂ ಹೆಚ್ಚು ಕಟ್ಟಡಗಳು ಹೀಗೆ ಮೇಲೇರಿದವು. ಮಡಿಲಲ್ಲಿ ಕೂಸು, ಕಂಕುಳಲ್ಲಿ ಸಂತೆಯ ಚೀಲ ಇಟ್ಟುಕೊಂಡ ತಾಯಂದಿರು ವರ್ಷಗಟ್ಟಲೆ ಕೆಸರಿನ ಮೇಲೆ ಕಟ್ಟಿದ ಹಲಗೆಯ ಅಟ್ಟಣೆಗಳಲ್ಲಿ ನಡೆದಾಡಿರಬೇಕು. ಉಪ್ಪುಮರಳು ಬಿದ್ದಲ್ಲಿ ತೋಟಗಳು ಸತ್ತವು; ಮರಗಳು ಒಣಗಿದವು.

ಸಂತ ಪ್ಯಾಟ್ರಿಕ್ಕರ ದೇವಾಲಯದವರದು ಇನ್ನೂ ಕಷ್ಟದ ಪ್ರಶ್ನೆ. ಇಟ್ಟಿಗೆಯ ಆ ಕಟ್ಟಡದ ತೂಕ 3,000 ಟನ್. ಹಾಗೆಯೇ ಬಿಟ್ಟರೆ ಐದು ಅಡಿ ಮಣ್ಣಿನೊಳಗೆ ಹುದುಗುತ್ತದೆ. ಕೆಡವಿ ಕಟ್ಟಿಸಲು ಹಣವೆಲ್ಲಿ? ಕೊನೆಗೆ ಅಡಿಪಾಯದ ಕೆಳಗೆ 700 ತಿರುಪು ಜಾಕಿಗಳನ್ನು ಇಟ್ಟು, ಎಲ್ಲವನ್ನೂ ಒಟ್ಟಿಗೇ ಸ್ವಲ್ಪಸ್ವಲ್ಪವಾಗಿ ತಿರುವುತ್ತ, ಇಡೀ ದೇವಾಲಯವನ್ನು ಐದು ಅಡಿ ಎತ್ತಿ ನಿಲ್ಲಿಸಿದರು. ಒಬ್ಬನ ಕೈ ಮುಂದಾದರೂ ಒಬ್ಬನದು ಹಿಂದಾದರೂ ಗೋಡೆ ಬಿರಿಯುವ ಕೆಲಸವದು. ಬೇರೆ ಯಾವ ಸಂಗತಿಯನ್ನು ಮರೆತರೂ ಈ ಒಂದು ಚಿತ್ರವನ್ನು ನಾವು ಮರೆಯಲಾರೆವು.

1915ರ ಆಗಸ್ಟಿನಲ್ಲಿ ಪರೀಕ್ಷೆ ಬಂದಿತು. 1900ರದಕ್ಕೆ ಸರಿಸಮವೆನ್ನಬಹುದಾದ ಬಿರುಗಾಳಿ ಬೀಸಿತು. ಅಲೆಗಳು ಬುಡದ ಬಂಡೆಗಳನ್ನೇ ಎತ್ತಿ ಎಸೆದವು. ಹಾಯಿಹಡಗೊಂದನ್ನು ತಂದು ಗೋಡೆಗೆ ಅಪ್ಪಳಿಸಿದವು. ಪವಿತ್ರ ಹೃದಯ ದೇವಾಲಯದ ಗುಮ್ಮಟ ಹಾಳಾಯಿತು. ಗೋಡೆ ನಿಂತಿತು. ಹದಿನೈದು ವರ್ಷಗಳ ಹಿಂದೆ ಸಾವಿರಗಳಲ್ಲಿ ಎಣಿಸಿದ್ದ ಊರಿನೊಳಗಿನ ಸಾವುಗಳನ್ನು ಈ ಸಲ ಕೈಬೆರಳುಗಳಲ್ಲಿ ಎಣಿಸುವಂತಾಯಿತು.

ಇಷ್ಟು ಹೇಳಿ, ಗೋಡೆಯ ದೋಷವನ್ನು ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರವಾದೀತು. ಗೋಡೆ ಊರನ್ನು ಕಾಯಿತಾದರೂ ದಡವನ್ನು ಕಾಯಲಿಲ್ಲ. ಅದರ ಮುಂದಿದ್ದ ವಿಶಾಲವಾದ ಮರಳುದಂಡೆ ವರ್ಷವರ್ಷಕ್ಕೆ ಕರಗಿತು. 1930ರ ದಶಕದಲ್ಲಿ ಕಡಲಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಚಾಚಬೇಕಾಯಿತು, ಮುಂದೆ ಬೇರೆಡೆಯಿಂದ ಮರಳು ತಂದು ಸುರಿಯಬೇಕಾಯಿತು. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತದ ಸ್ಥಳಗಳಿಗೆ ಬಂಡೆ ತಂದು ಹಾಕುವಾಗಲೂ ಪಕ್ಕದ ದಡ ಏನಾಗುತ್ತದೆಂಬುದನ್ನು ಕೇಳುವವರು ಕಡಿಮೆ. ಮತ್ತೊಂದು ಮಾತು: 2008ರ ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಬಂದಾಗ ನೀರು ಗೋಡೆಯನ್ನು ಏರಿ ಬರಲಿಲ್ಲ, ಹಿಂದಿನಿಂದ, ಹಿನ್ನೀರಿನ ಕಡೆಯಿಂದ ಊರೊಳಗೆ ನುಗ್ಗಿತು. ಮೂವರು ಎಂಜಿನಿಯರುಗಳು ನೆಲವನ್ನು ಗೋಡೆಯಿಂದ ಹಿನ್ನೀರಿನತ್ತ ಇಳಿಜಾರಾಗಿ ಬಿಟ್ಟಿದ್ದರು. ಆ ತಗ್ಗಿನ ಅಂಚಿಗೆ ಗೋಡೆಯಿರಲಿಲ್ಲ.

ಇನ್ನು ಅನಾಥಾಲಯದ ಮಾತು. 1904ರಲ್ಲಿ ಮುಗಿದ ಗೋಡೆ 39ನೆಯ ಬೀದಿಗೆ ನಿಂತಿತ್ತು. ಅನಾಥಾಲಯವಿದ್ದದ್ದು ಈಗಿನ 69ನೆಯ ಬೀದಿಯ ಬಳಿ. ಎಂದರೆ ಯಾವ ಮಕ್ಕಳ ಸಾವು ಊರಿನ ಕರುಳನ್ನು ಹಿಂಡಿತೋ, ಆ ಮಕ್ಕಳು ಮಲಗುತ್ತಿದ್ದ ಜಾಗ ಆ ಮೊದಲ ಗೋಡೆಯ ಹೊರಗೇ ಉಳಿಯಿತು. ಗೋಡೆಯನ್ನು ಹಂತಹಂತವಾಗಿ ಬೆಳೆಸಿ 1963ರ ವೇಳೆಗೆ ಹತ್ತು ಮೈಲಿಗೆ ಮುಟ್ಟಿಸಿದಾಗ ಆ ಜಾಗವೂ ಅದರ ರಕ್ಷಣೆಗೆ ಒಳಪಟ್ಟಿತು. 1994ರ ಸೆಪ್ಟೆಂಬರ್ 8ರಂದು, ಗೋಡೆಯ ಮೇಲಿನ ರಸ್ತೆಯಲ್ಲಿ, 69ನೆಯ ಬೀದಿ ಕೂಡುವಲ್ಲಿ ಸ್ಮಾರಕಫಲಕವನ್ನು ನಿಲ್ಲಿಸಿದರು. ಪ್ರತಿ ವರ್ಷ ಅದೇ ತಾರೀಖಿನಂದು, ನಾವು ಇಲ್ಲಿ ತೆನೆ ಹಿಡಿದು ಮೆರವಣಿಗೆ ಹೊರಡುವ ದಿನ, ಆ ಸಭೆಯ ಭಗಿನಿಯರು ತಾವಿರುವಲ್ಲೆಲ್ಲ ‘ಅಲೆಗಳ ರಾಣಿ’ ಗೀತೆಯನ್ನು ಹಾಡುತ್ತಾರೆ.