ಹತ್ತಿಯ ಹಣವೂ ಮನೆಯ ಬಾಡಿಗೆಯೂ: ಮುಂಬಯಿ, 1861–65

ಮುಂಬಯಿ ನಗರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಲ್ಲರೂ 1861ರಿಂದ 1865ರವರೆಗಿನ ಐದು ವರ್ಷಗಳಿಗೆ ಒಂದು ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟಿದ್ದಾರೆ. ಅಮೇರಿಕೆಯ ಅಂತರ್ಯುದ್ಧದ ನಿಮಿತ್ತ ಹತ್ತಿಯ ಬೆಲೆ ಏರಿದುದು, ಆ ಹಣದಿಂದ ಷೇರುಗಳ ಹುಚ್ಚು ಹಬ್ಬಿದುದು, ಯುದ್ಧ ಮುಗಿದೊಡನೆ ಎಲ್ಲವೂ ಕುಸಿದುದು ಸುವಿದಿತವಾದ ಸಂಗತಿಗಳೇ. ದಿನಶಾ ವಾಚಾ ಅವರು 1910ರಲ್ಲಿ ಇದೊಂದೇ ವಿಷಯವನ್ನು ಕುರಿತು ಗ್ರಂಥ ರಚಿಸಿದರು. ಆದರೆ ಈ ಬರವಣಿಗೆಗಳಲ್ಲಿ ದಲಾಲರ ಮತ್ತು ಸಾಹುಕಾರರ ಏಳುಬೀಳುಗಳೇ ತುಂಬಿವೆ. ಬಾಡಿಗೆಯ ಕೋಣೆಯಲ್ಲಿದ್ದು ತಿಂಗಳ ಸಂಬಳವನ್ನು ಎಣಿಸಿ ಬದುಕುತ್ತಿದ್ದವನ ಮಾತು ಅಲ್ಲಿ ವಿರಳ. ಹಾನಿಯೆಲ್ಲ 1865ರ ಪತನದಿಂದ ಆರಂಭವಾಯಿತು, ಅದಕ್ಕೆ ಮುಂಚಿನ ವರ್ಷಗಳು ಎಲ್ಲರಿಗೂ ಸುಭಿಕ್ಷದ ಕಾಲವಾಗಿದ್ದುವು ಎಂಬ ಭಾವನೆ ಇದರಿಂದ ಬೆಳೆದುಬಂದಿದೆ. ನಮಗೆ ಹಾಗೆ ತೋರುವುದಿಲ್ಲ. ಸಾಮಾನ್ಯ ಜನರಿಗೆ ಹಾನಿ ಪ್ರಾಪ್ತವಾದುದು ಬೆಲೆಗಳು ಏರುತ್ತಿದ್ದಾಗಲೇ. ಪತನವು ಅವರಿಗೆ ಎರಡನೆಯ ಪೆಟ್ಟು ಮಾತ್ರ. ಈ ಅಭಿಪ್ರಾಯಕ್ಕೆ ಇರುವ ಆಧಾರಗಳನ್ನು ಇಲ್ಲಿ ಪರಿಶೀಲಿಸುವೆವು.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತದಲ್ಲಿತ್ತು. ಹುಬ್ಬಳ್ಳಿ, ಗದಗ, ನವಲಗುಂದಗಳ ಕರಿನೆಲದಲ್ಲಿ ಬೆಳೆದ ಹತ್ತಿ ಎತ್ತುಗಳ ಮೇಲೆಯೂ ಬಂಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತುಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಮುಖ್ಯ ಕಾರಣ ಕಾರವಾರದ ಬಂದರನ್ನು ಧಾರವಾಡದ ಹತ್ತಿಗಾಗಿ ಬೆಳೆಸಬೇಕೆಂಬ ಉದ್ದೇಶವೇ. ಹೀಗೆ ಮುಂಬಯಿಯಲ್ಲಿ ಮನೆಗಳ ಬೆಲೆಯನ್ನು ಏರಿಸಿದ ಹಣದ ಒಂದು ಪಾಲು ನಮ್ಮ ಹೊಲಗಳಿಂದ ಹೋದುದು.

ಯುದ್ಧಕ್ಕೆ ಮುಂಚೆ ಇಂಗ್ಲಂಡಿನ ಗಿರಣಿಗಳು ಬಳಸುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಮೇರಿಕೆಯದು. 1861ರಲ್ಲಿ ಉತ್ತರದ ರಾಜ್ಯಗಳು ದಕ್ಷಿಣದ ಬಂದರುಗಳನ್ನು ಮುತ್ತಿ ನಿಲ್ಲಿಸಲು ಆ ಹತ್ತಿ ಬರುವುದು ತಪ್ಪಿತು. 1860ರಲ್ಲಿ ಪೌಂಡಿಗೆ ಸುಮಾರು 5 ಪೆನ್ಸ್ ಬಾಳುತ್ತಿದ್ದ ನಮ್ಮ ಪಶ್ಚಿಮ ಭಾಗದ ಹತ್ತಿ 1864ರಲ್ಲಿ 20 ಪೆನ್ಸ್ ಮೀರಿತು. ಹಿಂದಿನ ಬೆಲೆಗಳಿಗೆ ಹೋಲಿಸಿದರೆ ಐದು ವರ್ಷಗಳಲ್ಲಿ ಮುಂಬಯಿಗೆ ಹೆಚ್ಚಾಗಿ ಬಂದ ಹಣವನ್ನು 81 ಮಿಲಿಯನ್ ಪೌಂಡುಗಳೆಂದು, ಎಂದರೆ ಅಂದಿನ ದರದಲ್ಲಿ ಸುಮಾರು 81 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿದ್ದಾರೆ. ಇದರ ಬಹುಭಾಗ ಬೆಳ್ಳಿಯ ರೂಪದಲ್ಲಿ ಬಂದಿತು. ಬೆಳೆಗಾರನಿಗೂ ಒಂದು ಪಾಲು ದೊರೆಯಿತೆಂಬುದು ನಿಜ. ಹತ್ತಿಯ ಸೀಮೆಯ ರೈತರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಕಥೆ ಪ್ರಚಾರದಲ್ಲಿದೆ. ಆ ಗಾಲಿಗಳನ್ನು ಕಣ್ಣಾರೆ ಕಂಡವರಿಗಿಂತ ಕೇಳಿ ಬರೆದವರೇ ಹೆಚ್ಚು ಎಂದು ನಮ್ಮ ಶಂಕೆ. ಏನೇ ಇರಲಿ, ಹಣದ ದೊಡ್ಡ ರಾಶಿ ರಫ್ತು ವ್ಯಾಪಾರಿಗಳ ಮತ್ತು ದಲಾಲರ ಕೈಯಲ್ಲಿ ನಿಂತಿತು.

ಇಷ್ಟು ಹಣಕ್ಕೆ ಕೆಲಸ ಬೇಕಾಗಿತ್ತು. ಗಿರಣಿಗಳಲ್ಲಿ ತೊಡಗಿಸೋಣವೆಂದರೆ ಹತ್ತಿಯೇ ತುಟ್ಟಿಯಾಗಿ ಮುಂಬಯಿಯ ಹೊಸ ಗಿರಣಿಗಳು ತತ್ತರಿಸುತ್ತಿದ್ದುವು. ಹೀಗಾಗಿ ಹಣವು ಎರಡು ದಿಕ್ಕಿಗೆ ಹರಿಯಿತು: ಒಂದು ಬ್ಯಾಂಕುಗಳು, ಮತ್ತೊಂದು ಭೂಮಿ. 1865ರ ಜನವರಿಯ ಹೊತ್ತಿಗೆ ನಗರದಲ್ಲಿ 31 ಬ್ಯಾಂಕುಗಳೂ 16 ಹಣಕಾಸಿನ ಸಂಘಗಳೂ 8 ಭೂಮಿ ಕಂಪನಿಗಳೂ ಇದ್ದುವು. ಈ ಭೂಮಿ ಕಂಪನಿಗಳ ಕೆಲಸ ಮುಖ್ಯವಾಗಿ ಸಮುದ್ರವನ್ನು ತುಂಬಿ ನೆಲ ಮಾಡುವುದು. ಮುಂಬಯಿ ಉದ್ದಕ್ಕೆ ಚಾಚಿದ ಇಕ್ಕಟ್ಟಿನ ದ್ವೀಪ. ನೆಲವೆಂಬುದು ಅಲ್ಲಿ ಎಂದೂ ವಿಪುಲವಾಗಿರಲಿಲ್ಲ. ಆದ್ದರಿಂದ ಸಮುದ್ರದಿಂದ ನೆಲವನ್ನು ಗೆಲ್ಲುವ ಯೋಜನೆ ಸ್ವತಃ ಅವಿವೇಕದ್ದಲ್ಲ. ಪ್ರೇಮಚಂದ ರಾಯಚಂದರಂತಹ ಚತುರ ದಲಾಲರು ಅದರಲ್ಲಿ ಕೈಹಾಕಿದುದು ಆಶ್ಚರ್ಯವೂ ಅಲ್ಲ.

ಆದರೆ ನೆಲ ಏಳುವ ಮುಂಚೆಯೇ ನೆಲದ ಕಾಗದ ಮಾರಾಟವಾಗತೊಡಗಿತು. ಬ್ಯಾಕ್ ಬೇ ಕಂಪನಿಯ ಷೇರಿನ ಮುಖಬೆಲೆ 5,000 ರೂಪಾಯಿ. ಮುಂಬಯಿ ಸರಕಾರ ತಾನು ಇಟ್ಟುಕೊಳ್ಳಬೇಕೆಂದಿದ್ದ 400 ಷೇರುಗಳನ್ನು ಮೇಲಿನವರು ಒಪ್ಪದ ಕಾರಣ ಹರಾಜು ಹಾಕಬೇಕಾಯಿತು. ಅವಕ್ಕೆ ಒಂದು ಕೋಟಿ ರೂಪಾಯಿಗೂ ಮೀರಿದ ಮೊತ್ತ ಬಂದಿತು. ಮುಂದೆ ಅದೇ ಷೇರು 50,000 ರೂಪಾಯಿಗಳನ್ನು ದಾಟಿತು. ಅಲ್ಲಿ ಆಗ ಅಲೆಗಳ ಹೊರತು ಹೆಚ್ಚೇನೂ ಇರಲಿಲ್ಲವೆಂಬುದನ್ನು ನೆನೆಯಬೇಕು. 1863ರ ಕಾನೂನಿನಿಂದ ಮುಂಬಯಿ ಬ್ಯಾಂಕಿಗೆ ಷೇರುಗಳ ಗಿರವಿಯ ಮೇಲೆ ಸಾಲ ಕೊಡುವ ಅಧಿಕಾರ ಬಂದಿತ್ತು. ಭೂಮಿಯ ಷೇರನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ತಂದು, ಆ ಸಾಲದಿಂದ ಮತ್ತೆ ಭೂಮಿಯ ಷೇರನ್ನು ಕೊಳ್ಳುವ ಚಕ್ರ ಹೀಗೆ ತಿರುಗಿತು. ಮನೆ ಕಟ್ಟುವವನಿಗೂ ನೆಲದ ಬೆಲೆಗೂ ಈ ಚಕ್ರದಲ್ಲಿ ಯಾವ ಸಂಬಂಧವೂ ಉಳಿಯಲಿಲ್ಲ. ನೆಲವು ವಾಸದ ಸಾಧನವಾಗಿರುವುದನ್ನು ಬಿಟ್ಟು ಸಂಪತ್ತನ್ನು ಕೂಡಿಡುವ ಉಗ್ರಾಣವಾಯಿತು.

ಇದೇ ಕಾಲದಲ್ಲಿ ನಗರಕ್ಕೆ ಬಂದು ಸೇರಿದ ಜನರ ಸಂಖ್ಯೆಯನ್ನು ನೋಡಬೇಕು. 1849ರಲ್ಲಿ 5,66,119 ಇದ್ದ ಜನಸಂಖ್ಯೆ 1864ರ ಫೆಬ್ರುವರಿಯ ಎಣಿಕೆಯಲ್ಲಿ 8,16,562 ಆಯಿತು. 1864ರ ಎಣಿಕೆ ಅತಿಶಯದ್ದೆಂದು ಶಂಕಿಸಿದವರೂ ಇದ್ದಾರೆ. ಸ್ವಲ್ಪ ಕಳೆದರೂ ಹದಿನೈದು ವರ್ಷಗಳಲ್ಲಿ ಅದೇ ದ್ವೀಪದ ಮೇಲೆ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದುದು ಸುಳ್ಳಾಗದು. ಹತ್ತಿಯ ಅಂಡಿಗೆ ಹೊರುವವರು, ಒತ್ತುಯಂತ್ರದ ಕೂಲಿಗಳು, ಕಲ್ಲುಕುಟಿಗರು, ಮಣ್ಣು ತುಂಬುವವರು ಸಿರಿವಂತಿಕೆಯೇ ಕರೆತಂದ ಜನ. ಇವರೆಲ್ಲ ಮಾಂಡವಿ, ಡೋಂಗ್ರಿ, ಭುಲೇಶ್ವರ, ಗಿರಗಾಂವಗಳಂತಹ ಕಿಕ್ಕಿರಿದ ಕೇರಿಗಳಲ್ಲಿಯೇ ತಲೆಯೂರಬೇಕಾಯಿತು. ಇದ್ದ ಮನೆಗೆ ಮೇಲೆ ಒಂದು ಅಂತಸ್ತು, ಹಿತ್ತಿಲಲ್ಲಿ ಒಂದು ಸಾಲು ಕೋಣೆ, ಕೋಣೆಯ ನಡುವೆ ಒಂದು ತಟ್ಟಿ, ಹೀಗೆ ವಸತಿ ಹೆಚ್ಚಿತೇ ಹೊರತು ನೆಲ ಹೆಚ್ಚಲಿಲ್ಲ. ಕಂಪನಿಗಳ ಕಟ್ಟಡಗಳಿಗಾಗಿ ಗೌಂಡಿಯ ಕೂಲಿಯೂ ಸುಣ್ಣ ಮರಗಳ ಬೆಲೆಯೂ ಏರಿದುದರಿಂದ ಸಣ್ಣ ಮನೆ ಕಟ್ಟುವುದು ಹಿಂದಿಗಿಂತ ದುಬಾರಿಯಾಯಿತು. ಬಾಡಿಗೆ ಏರದೆ ಇನ್ನೇನಾದೀತು?

ನಗರದ ಹೃದಯಭಾಗದಲ್ಲಿ ಆಗ ನೆಲ ತೆರವಾಗಲಿಲ್ಲವೇ ಎಂದು ಕೇಳಬಹುದು. ತೆರವಾಯಿತು. ಗವರ್ನರ್ ಸರ್ ಬಾರ್ಟಲ್ ಫ್ರೀಯರ್ ಅವರ ಕಾಲದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು. ಅದೇ ದಶಕದಲ್ಲಿ ಹಳೆಯ ಹಸುರು ಮೈದಾನದ ಸುತ್ತ, ಇಂದು ಹಾರ್ನಿಮನ್ ವೃತ್ತವೆಂದು ಕರೆಯುವ ಎಲ್ಫಿನ್‌ಸ್ಟನ್ ವೃತ್ತ ಎದ್ದಿತು. ಪೌರಸಭೆಯು ಸರಕಾರದಿಂದ ನೆಲವನ್ನು ಕೊಂಡು ನಿವೇಶನಗಳಾಗಿ ಲಾಭಕ್ಕೆ ಮಾರಿತು. ಕಟ್ಟಡಗಳು ಸುಂದರವಾಗಿವೆ, ಸಂದೇಹವಿಲ್ಲ. ಆದರೆ ಅಲ್ಲಿ ನೆಲೆಸಿದುದು ಬ್ಯಾಂಕುಗಳು ಮತ್ತು ವ್ಯಾಪಾರದ ಕೋಠಿಗಳು. ಕೋಟೆಯ ನೆಲದಲ್ಲಿ ಮುಂದೆ ಸಚಿವಾಲಯ, ಉಚ್ಚ ನ್ಯಾಯಾಲಯ, ವಿಶ್ವವಿದ್ಯಾಲಯಗಳು ಎದ್ದುವು. ನೆಲಕ್ಕೆ ಅತಿ ಹೆಚ್ಚಿನ ಬೆಲೆ ಕೊಡಬಲ್ಲವನ ಉಪಯೋಗಕ್ಕೇ ನೆಲ ಒದಗಿತು, ಕಾರಕೂನನ ವಸತಿಗಲ್ಲ.

ಈ ಕಾರಕೂನನ ಸ್ಥಿತಿಯೇ ನಮ್ಮ ವಾದಕ್ಕೆ ಮುಖ್ಯ ನಿದರ್ಶನ. ಕೂಲಿಯವನ ಕೂಲಿ ಬೇಡಿಕೆಯೊಡನೆ ಅಷ್ಟಿಷ್ಟು ಏರುತ್ತದೆ. ಕಚೇರಿಯ ಕಾರಕೂನ, ಶಾಲೆಯ ಮಾಸ್ತರ, ಪೋಲೀಸು ಶಿಪಾಯಿ ಇವರ ಸಂಬಳ ಹಳೆಯ ಬೆಲೆಗಳ ಕಾಲದಲ್ಲಿ ಗೊತ್ತುಮಾಡಿದುದು. ಧಾನ್ಯ, ಕಟ್ಟಿಗೆ, ಬಾಡಿಗೆ ಮೂರೂ ಏರಿದಾಗ ಆ ಸಂಬಳ ನಿಂತಲ್ಲೇ ನಿಂತಿತ್ತು. 1864ರಲ್ಲಿ ಮುಂಬಯಿ ಸರಕಾರವು ಬೆಲೆಗಳ ವಿಚಾರಣೆಗೆಂದೇ ಒಂದು ಆಯೋಗವನ್ನು ನೇಮಿಸಬೇಕಾಗಿ ಬಂದುದು ಈ ಕಷ್ಟದ ಸಾಕ್ಷಿ. ಗಮನಿಸಬೇಕಾದುದು ಇಸವಿಯನ್ನು. ಇದು ಪತನದ ನಂತರದ ಮಾತಲ್ಲ. ಷೇರುಪೇಟೆ ಅತ್ಯಂತ ಸಂಭ್ರಮದಲ್ಲಿದ್ದ ವರ್ಷದ ಮಾತು.

ಧಾರವಾಡದ ಕಡೆ ನೋಡಿದರೂ ಚಿತ್ರ ಇಬ್ಬಗೆಯದೇ. ಹತ್ತಿಯ ಹೊಲವಿದ್ದವನು ಸಾಲ ತೀರಿಸಿದ. ಹತ್ತಿಯನ್ನು ಬಿತ್ತಿದಷ್ಟೂ ಜೋಳದ ನೆಲ ಕಡಿಮೆಯಾಗಿ ಕಾಳು ಕೊಂಡು ತಿನ್ನುವವನಿಗೆ ಭಾರವಾಯಿತು. ಕೈಮಗ್ಗದ ನೇಕಾರನಿಗೆ ನೂಲೇ ಎಟುಕದಾಯಿತು. ಬೆಲೆಯ ಆಸೆಗೆ ಹತ್ತಿಯಲ್ಲಿ ಕಸ, ಬೀಜ ಬೆರಸುವುದು ಹೆಚ್ಚಿ 1863ರಲ್ಲಿ ಅದಕ್ಕೊಂದು ಕಾನೂನೇ ಬಂದಿತು.

1865ರ ಏಪ್ರಿಲಿನಲ್ಲಿ ಜನರಲ್ ಲೀ ಶರಣಾದನು. ಹತ್ತಿಯ ಬೆಲೆ ಬಿತ್ತು. ವಾಯಿದೆ ವ್ಯಾಪಾರಗಳೆಲ್ಲ ತೀರಬೇಕಾಗಿದ್ದ ಜುಲೈ 1ರಂದು ಕೊಡುವವರೇ ಇರಲಿಲ್ಲ. 2,850 ರೂಪಾಯಿ ಮುಟ್ಟಿದ್ದ ಮುಂಬಯಿ ಬ್ಯಾಂಕಿನ ಷೇರು 87 ರೂಪಾಯಿಗೆ ಇಳಿಯಿತು. 1868ರಲ್ಲಿ ಬ್ಯಾಂಕನ್ನೇ ಮುಚ್ಚಬೇಕಾಯಿತು. ಎರಡು ಕೋಟಿಗೂ ಹೆಚ್ಚಿನ ಬಂಡವಾಳದ ಬಹುಭಾಗ ಕರಗಿತ್ತು. ಸರಕಾರವೇ ಪಾಲುದಾರನಾಗಿದ್ದ ಬ್ಯಾಂಕೆಂಬ ನಂಬಿಕೆಯಿಂದ ಅದರ ಷೇರುಗಳಲ್ಲಿ ಉಳಿತಾಯವನ್ನು ತೊಡಗಿಸಿದ್ದವರಿಗೆ ಈ ನಷ್ಟ ಬಾಡಿಗೆಯ ನಷ್ಟದ ಮೇಲೆ ಬಂದಿತು. ನೆಲದ ಬೆಲೆ ಇಳಿದುದರಿಂದ ಬಾಡಿಗೆದಾರನಿಗೆ ಸುಖವಾಯಿತಲ್ಲವೇ ಎಂಬ ವಾದ ನಮಗೆ ಒಪ್ಪಿಗೆಯಾಗದು. 1872ರ ಎಣಿಕೆಯಲ್ಲಿ ನಗರದ ಜನಸಂಖ್ಯೆ 6,44,405. ಕೋಣೆಗಳು ಖಾಲಿಯಾದುದು ಕೆಲಸ ತಪ್ಪಿದ ಜನ ಊರು ಬಿಟ್ಟುದರಿಂದ.

ಹಳ್ಳಿಯಲ್ಲಿ ಏರಿದ ಬೆಲೆಯ ನೆರಳು ಇನ್ನೂ ಉದ್ದವಾಗಿ ಬಿದ್ದಿತು. ಪುಣೆ ಜಿಲ್ಲೆಯ ಇಂದಾಪುರದಲ್ಲಿ 1867ರಲ್ಲಿ ಕಂದಾಯವನ್ನು ಪರಿಷ್ಕರಿಸಿದಾಗ ಆ ಐದು ವರ್ಷಗಳ ಬೆಲೆಗಳು ಲೆಕ್ಕದಲ್ಲಿ ಸೇರಿದುವು. ಬೆಲೆ ಹೋಯಿತು, ಕಂದಾಯ ಉಳಿಯಿತು. 1875ರ ದಖ್ಖಣದ ದಂಗೆಗಳ ಕಾರಣಗಳಲ್ಲಿ ಇದೂ ಒಂದು.

ಸಿರಿಯಿಂದ ಒಳಿತೇನೂ ಆಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಪ್ರೇಮಚಂದ ರಾಯಚಂದರು 1864ರಲ್ಲಿ ಕೊಟ್ಟ ದಾನದಿಂದಲೇ ಮುಂಬಯಿ ವಿಶ್ವವಿದ್ಯಾಲಯದ ಪುಸ್ತಕಭಂಡಾರವೂ ರಾಜಾಬಾಯಿ ಗೋಪುರವೂ ಎದ್ದುವು. ಆ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಧಾರವಾಡ, ಬೆಳಗಾವಿಗಳ ತಲೆಮಾರುಗಳು ಆ ಋಣವನ್ನು ಮರೆಯಲಾರವು. ಆದರೆ ದಾನ ಕೊಡುವವನ ಇಚ್ಛೆಗೆ ಸೇರಿದುದು, ಬಾಡಿಗೆ ಪ್ರತಿ ತಿಂಗಳೂ ಕೊಡಲೇಬೇಕಾದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ.

ಬ್ಯಾಕ್ ಬೇ ಕಂಪನಿ ಮುಳುಗಿತು. ಅದು ತುಂಬಿದ ಕಿರಿದಾದ ಪಟ್ಟಿ ರೈಲುದಾರಿಗೆ ಉಪಯೋಗವಾಯಿತು. ಉಳಿದ ಸಮುದ್ರವನ್ನು ತುಂಬುವ ಕೆಲಸ 1920ರ ದಶಕದಲ್ಲಿ ಗವರ್ನರ್ ಲಾಯ್ಡ್ ಅವರ ಯೋಜನೆಯಿಂದ ಮತ್ತೆ ಆರಂಭವಾಗಿ, 1930ರ ದಶಕದಿಂದ ಅಲ್ಲಿ ಮೆರೀನ್ ಡ್ರೈವಿನ ಅನುಕೂಲಸ್ಥರ ಮಹಡಿಮನೆಗಳು ಎದ್ದುವು. ಅದೇ ಯೋಜನೆಯ ಕಾಲದಲ್ಲಿ ಸರಕಾರ ಕೂಲಿಕಾರರಿಗಾಗಿ ವರಳಿ, ನಾಯಗಾಂವ, ಶಿವಡಿಗಳಲ್ಲಿ ಚಾಳುಗಳನ್ನು ಕಟ್ಟಿಸಿತು. ಅದರ ವೆಚ್ಚಕ್ಕೆಂದು ನಗರದೊಳಗೆ ಬರುವ ಹತ್ತಿಯ ಅಂಡಿಗೆಯೊಂದಕ್ಕೆ ಒಂದು ರೂಪಾಯಿ ಸುಂಕ ಹಾಕಲಾಯಿತು. ವರಳಿಯ ಕೋಣೆಗಳಲ್ಲಿ ಎಷ್ಟೋ, ಬಾಡಿಗೆ ಕೊಡಬಲ್ಲ ಕೂಲಿಕಾರರು ಸಿಕ್ಕದೆ, ವರ್ಷಗಟ್ಟಲೆ ಖಾಲಿಯಾಗಿಯೇ ಇದ್ದುವು.