ಧ್ವನಿಮುದ್ರಿತ ಸಂದರ್ಶನಕ್ಕೆ ಪ್ರಶ್ನೆಗಳ ಸಿದ್ಧತೆ: ಹುಳಿಮಾವು ಕೆರೆಯ ನಿದರ್ಶನ

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 890ರ ವೀರಗಲ್ಲು ಬೆಂಗಳೂರಿನ ಹೆಸರನ್ನು ಒಳಗೊಂಡಿರುವುದರಿಂದ ಪ್ರಸಿದ್ಧವಾಗಿದೆ. ಕಾಳಗದಲ್ಲಿ ಮಡಿದವನಿಗೆ ಕಲ್ಲು ನಿಂತಿತು. ಕೆರೆಯ ಏರಿಯನ್ನು ಕಾದವನಿಗೆ ಅಂತಹ ಕಲ್ಲು ದೊರೆಯುವುದು ವಿರಳ. ಅಂಥವರ ಚರಿತ್ರೆಗೆ ಉಳಿದಿರುವ ಮುಖ್ಯ ಆಧಾರವು ವೃದ್ಧರ ನೆನಪು. ಅದನ್ನು ಧ್ವನಿಮುದ್ರಿಸುವಾಗ ಪ್ರಶ್ನೆಗಳು ಹೇಗಿರಬೇಕೆಂಬುದನ್ನು ಬೇಗೂರು ಹೋಬಳಿಯ ಹುಳಿಮಾವನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸುವೆವು.

2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು, ತಗ್ಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಹಿಂದೆ ಏರಿಯ ಮೇಲೆ ಕಣ್ಣಿಟ್ಟಿದ್ದವರು ಯಾರು, ಆ ಹೊಣೆ ಯಾವಾಗ ಯಾರ ಕೈಬಿಟ್ಟಿತು ಎಂಬ ಪ್ರಶ್ನೆ ಇದರಿಂದ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ಹೇಳಬಲ್ಲವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ, ವಿಳಂಬಕ್ಕೆ ಅವಕಾಶವಿಲ್ಲ.

ಮೊದಲನೆಯದಾಗಿ, ಕಾಗದಪತ್ರಗಳಲ್ಲಿ ದೊರೆಯುವುದನ್ನು ಮುದುಕರಲ್ಲಿ ಕೇಳಬಾರದು. ಕೆರೆಯ ವಿಸ್ತೀರ್ಣ ಗ್ರಾಮನಕ್ಷೆಯಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ತೂಬೆತ್ತಿ ಸರದಿಯಂತೆ ನೀರು ಹಾಯಿಸುವ ಹೊಣೆ ನೀರುಗಂಟಿಯದಾಗಿತ್ತು. ರಾಜ್ಯದ 1961ರ ಕಾನೂನು ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿತೆಂಬುದೂ ಗ್ರಂಥಸ್ಥವೇ. ಆದರೆ ಅನಂತರ ಆ ಕೆಲಸವನ್ನು ಯಾರಾದರೂ ಮಾಡಿದರೇ ಎಂಬುದನ್ನು ಕಾನೂನಿನ ಪುಟ ತಿಳಿಸದು. ದಾಖಲೆ ಮೌನವಾಗುವ ಈ ಸ್ಥಳದಿಂದಲೇ ನಮ್ಮ ಪ್ರಶ್ನೆ ಆರಂಭವಾಗಬೇಕು.

ಎರಡನೆಯದಾಗಿ, ಪ್ರಶ್ನೆಯೊಳಗೆ ಉತ್ತರ ಅಡಗಿರಬಾರದು. “ಬಡಾವಣೆಗಳಿಂದಲೇ ಕೆರೆ ಹಾಳಾಯಿತಲ್ಲವೆ?” ಎಂದರೆ ವೃದ್ಧರು ಮರ್ಯಾದೆಗಾಗಿ ಹೌದೆನ್ನುವರು, ಮುದ್ರಿತವಾಗುವುದು ನಮ್ಮ ಅಭಿಪ್ರಾಯವೇ. “ತಾತಾ, ಕೆರೆ ಕೋಡಿ ಬಿದ್ದ ದಿನ ಊರಿನವರು ಏನು ಮಾಡ್ತಿದ್ರಿ?” ಎಂದು ಕೇಳಿದರೆ ಕೆಲಸದ ವಿವರ ಹೊರಡುತ್ತದೆ. ಅದರ ಬೆನ್ನಿಗೆ ಆ ಕೆಲಸ ಯಾರದು, ಅವರಿಗೆ ಸುಗ್ಗಿಯಲ್ಲಿ ಏನು ಕೊಡುತ್ತಿದ್ದಿರಿ, ಅದು ಯಾವಾಗ ನಿಂತಿತು ಎಂಬ ಪ್ರಶ್ನೆಗಳು ಬರಬಹುದು. ‘ಜಲಸಂಪನ್ಮೂಲ ನಿರ್ವಹಣೆ’ಯಂತಹ ನಮ್ಮ ಪರಿಭಾಷೆಗೆ ಇಲ್ಲಿ ಎಡೆಯಿಲ್ಲ, ತೂಬು, ಕೋಡಿ, ಏರಿ, ಅಚ್ಚುಕಟ್ಟು ಎಂಬ ಮಾತುಗಳೇ ಸಾಕು. ಹೆಂಗಸರಿಗೆ ಬೇರೆಯ ಪ್ರಶ್ನೆಗಳಿರಬೇಕು. ಬೇಸಗೆಯಲ್ಲಿ ನೀರಿಗೆ ಎಲ್ಲಿಗೆ ಹೋಗುತ್ತಿದ್ದಿರಿ ಎಂಬ ಒಂದು ಮಾತು, ಯಾವ ಕೇರಿಯವರು ಯಾವ ಬಾವಿಯನ್ನು ಮುಟ್ಟುವಂತಿರಲಿಲ್ಲವೆಂಬುದನ್ನೂ ಹೊರತರಬಲ್ಲದು. ಇಂತಹವನ್ನು ನೆರೆಹೊರೆಯವರ ಎದುರಿನಲ್ಲಿ ಕೇಳತಕ್ಕದ್ದಲ್ಲ.

ಮೂರನೆಯದು ಕಾಲನಿರ್ಣಯ. ಇಸವಿಯನ್ನು ಕೇಳುವುದರಿಂದ ಪ್ರಯೋಜನವು ಅಲ್ಪ. ತಮ್ಮ ಮದುವೆಗೆ ಮುಂಚೆಯೋ ಆಮೇಲೋ ಎಂದು ಕೇಳಿ, ಅದನ್ನು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974 ಮುಂತಾದ ವರ್ಷಗಳೊಡನೆ ನಾವು ಹೊಂದಿಸಿಕೊಳ್ಳಬೇಕು. ಹೇಳುವವರು ತಪ್ಪಿದರೂ ನಡುವೆ ತಿದ್ದಬಾರದು. ಇಟಲಿಯ ಟೆರ್ನಿ ಪಟ್ಟಣದಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕನು ಪೋಲೀಸರಿಂದ ಹತನಾದದ್ದು 1949ರಲ್ಲಿ. ಅನೇಕ ಕಾರ್ಮಿಕರು ಅದನ್ನು 1953ರಲ್ಲಿ ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದ ಸಂದರ್ಭಕ್ಕೆ ಸೇರಿಸಿ ಹೇಳಿದರು. ಆ ತಪ್ಪಿನಲ್ಲಿಯೇ ಅವರ ನೋವಿನ ಅರ್ಥವಿದೆಯೆಂದು ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ತೆಲ್ಲಿ ತೋರಿಸಿದರು.

ಪ್ರಶ್ನೆಗಳ ಕ್ರಮವೂ ಮುಖ್ಯ. ಬಾಲ್ಯ ಮತ್ತು ಬೇಸಾಯದಿಂದ ಮೊದಲುಮಾಡಿ, ಜಮೀನು ಕೈಬಿಟ್ಟ ವಿಷಯವನ್ನು ಕೊನೆಗಿಡುವುದು ಉಚಿತ. ಯಂತ್ರವನ್ನು ಆರಂಭಿಸುವ ಮುನ್ನ ಒಪ್ಪಿಗೆ ಪಡೆಯಬೇಕು. ಬೇಡವೆಂದ ಭಾಗವನ್ನು ಮುದ್ರಿಸಬಾರದು. ಹತ್ತು ಹನ್ನೆರಡು ಪ್ರಶ್ನೆಗಳು ಸಾಕು. ಉಳಿದವು ಅವರ ಮಾತಿನಿಂದಲೇ ಹುಟ್ಟಬೇಕು.

ಕೊನೆಯದಾಗಿ, ಪ್ರಶ್ನಾವಳಿಯನ್ನು ಧ್ವನಿಮುದ್ರಣದೊಡನೆಯೇ ಕಾಪಿಡಬೇಕೆಂಬುದು ನಮ್ಮ ಸೂಚನೆ. ಏನನ್ನು ಕೇಳಲಾಯಿತೆಂದು ತಿಳಿಯದೆ ಉತ್ತರದ ಬೆಲೆ ಕಟ್ಟಲಾಗದು. ಕಾಗದಪತ್ರವನ್ನು ಮುಂದಿನ ಸಂಶೋಧಕನು ಮತ್ತೊಮ್ಮೆ ತೆರೆದು ಬೇರೆ ಪ್ರಶ್ನೆ ಹಾಕಬಹುದು. ಹುಳಿಮಾವಿನ ವೃದ್ಧರ ವಿಷಯದಲ್ಲಿ ಆ ಅನುಕೂಲ ಅವನಿಗೆ ಇರಲಾರದು.